ಆಲೆಮನೆ ಗಾಣದ ಬೋಲ್ಟುಗಳಿಗೆ ಆರು ಪಾಯಿಂಟೋ ಹನ್ನೆರಡು ಪಾಯಿಂಟೋ: ಒಂದು ರಿಪೇರಿ ಕೆಲಸದ ಟಿಪ್ಪಣಿ

ಕೆಲಸ ಇಷ್ಟು. ಮದ್ದೂರು ಕಡೆಯ ಒಂದು ಆಲೆಮನೆಯಲ್ಲಿ ಮೋಟರಿನಿಂದ ಓಡುವ, ಮೂರು ರೋಲರಿನ ಅಡ್ಡ ಗಾಣ. ಮೇಲಿನ ರೋಲರಿನ ಎರಡೂ ತುದಿಯ ಗನ್‌ಮೆಟಲ್ ಬುಷ್ (ರೋಲರಿನ ತುದಿ ಕೂತು ತಿರುಗುವ ಬಳೆ) ಸವೆದು ರೋಲರ್ ಕುಣಿಯುತ್ತಿದೆ, ಕಬ್ಬಿನ ಜಲ್ಲೆ ಸರಿಯಾಗಿ ಹಿಂಡುತ್ತಿಲ್ಲ, ರಚ್ಚಿನಲ್ಲಿ, ಅಂದರೆ ಹಿಂಡಿದ ಸಿಪ್ಪೆಯಲ್ಲಿ, ಕಬ್ಬಿನ ಹಾಲು ಉಳಿದು ಹೋಗುತ್ತಿದೆ. ಕ್ಯಾಪು ಬಿಚ್ಚಬೇಕು, ಬುಷ್ ಬದಲಿಸಬೇಕು, ಸ್ಕ್ರೇಪರ್ ಪಟ್ಟಿ ಹೊಸದು ಹಾಕಬೇಕು, ಮತ್ತೆ ಕೂರಿಸಿ ರೋಲರುಗಳ ನಡುವಿನ ಸಂದು ಹೊಂದಿಸಬೇಕು. ಬುಷ್ ಕಡೆಸುವುದು ಲೇತಿನವರ ಕೆಲಸ, ಅದು ಇಲ್ಲಿ ಬರುವುದಿಲ್ಲ. ಇಲ್ಲಿ ಬರೆದಿರುವುದು ಬಿಚ್ಚುವ ಮತ್ತು ಬಿಗಿಯುವ ಕೆಲಸದ ಬಗ್ಗೆ, ಅದರಲ್ಲೂ ಯಾವ ಬೋಲ್ಟಿಗೆ ಯಾವ ಸಾಕೆಟ್ಟು, ಯಾವ ರಿಂಗ್ ಸ್ಪ್ಯಾನರ್ ಎಂಬುದರ ಬಗ್ಗೆ. ಗಾಣದ ರಿಪೇರಿಯಲ್ಲಿ ಹೊತ್ತು ಹೋಗುವುದು ಹೆಚ್ಚಾಗಿ ಅಲ್ಲೇ.

ಎಣಿಸಿಟ್ಟ ಬೋಲ್ಟುಗಳು: ಬುಷ್ ಕ್ಯಾಪಿನ ಮೇಲೆ ಎಂ20 (ಅಂದರೆ 20 ಮಿ.ಮೀ. ದಪ್ಪದ ಥ್ರೆಡ್ಡಿನ) ಸ್ಟಡ್ಡಿನ ನಟ್ಟು ನಾಲ್ಕು, ಸ್ಪ್ಯಾನರ್ ಅಳತೆ (ಎದುರುಬದುರು ಬದಿಗಳ ನಡುವಿನ ಅಗಲ) 30 ಮಿ.ಮೀ. ಗಾಣದ ಬಾಡಿಯನ್ನು ಅಡಿಯ ಚಾನೆಲ್ಲಿಗೆ ಹಿಡಿದಿರುವ ಎಂ16 ಬೋಲ್ಟು ಎಂಟು, ಅಳತೆ 24. ಸ್ಕ್ರೇಪರ್ ಪಟ್ಟಿಗೆ ಎಂ12 ಆರು. ಹಾಲು ಬೀಳುವ ಟ್ರೇ ಮತ್ತು ಗೇರ್ ಗಾರ್ಡಿಗೆ ಎಂ10 ಹತ್ತು. ಗಾರ್ಡಿನ ಬ್ರಾಕೆಟ್ಟಿನಲ್ಲಿ ಮಾತ್ರ ಹಳೆಯ ಅರ್ಧ ಇಂಚಿನ ವಿಟ್‌ವರ್ಥ್ (ಹಳೆಯ ಬ್ರಿಟಿಷ್ ಇಂಚಿನ ಥ್ರೆಡ್ಡಿನ) ಬೋಲ್ಟು ಎರಡು ಉಳಿದುಕೊಂಡಿವೆ. ಸಂದು ಹೊಂದಿಸುವ ಸ್ಕ್ರೂಗಳ ತಲೆ ಚೌಕ, ಬದಿಯಿಂದ ಬದಿಗೆ 22 ಮಿ.ಮೀ.

ಮೊದಲೇ ಹೇಳಿಬಿಡುವ ಮಾತು: ತುಕ್ಕು ಹಿಡಿದ ಬೋಲ್ಟನ್ನು ಮೊದಲ ಸಲ ಸಡಿಲಿಸುವಾಗ ಆರು ಪಾಯಿಂಟೇ ಬೇಕು (ಪಾಯಿಂಟ್ ಅಂದರೆ ಸಾಕೆಟ್ಟಿನ ಅಥವಾ ರಿಂಗಿನ ಒಳಗಿನ ಮೂಲೆ). ಹನ್ನೆರಡು ಪಾಯಿಂಟಿಗೂ ಈ ಯಂತ್ರದಲ್ಲಿ ಒಂದು ಜಾಗ ಇದೆ, ಆ ಜಾಗದಲ್ಲಿ ಅದಿಲ್ಲದೆ ಆಗುವುದೇ ಇಲ್ಲ. ಆದರೆ ನಮ್ಮ ಕಡೆ ಸ್ಪ್ಯಾನರ್ ಚೀಲಗಳಲ್ಲಿ ಇರುವ ರಿಂಗ್ ಸ್ಪ್ಯಾನರುಗಳೆಲ್ಲ ಹೆಚ್ಚುಕಡಿಮೆ ಹನ್ನೆರಡು ಪಾಯಿಂಟಿನವೇ. ಕೈಗೆ ಮೊದಲು ಸಿಗುವುದು ಅದೇ, ತಲೆ ಗುಂಡಗಾಗುವುದೂ ಅದರಿಂದಲೇ.

ಸ್ಪ್ಯಾನರ್ ಮುಟ್ಟುವ ಮೊದಲು ಬಿಸಿನೀರು

ಮೋಟರಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿ. ಬೆಲ್ಟ್ ಇಳಿಸಿ. ಸ್ವಿಚ್ ಆರಿಸಿದರೆ ಸಾಕು ಅನ್ನುವ ಲೆಕ್ಕ ಗಾಣದ ಮುಂದೆ ಬೇಡ, ರೋಲರಿನ ಬಾಯಿಗೆ ಕೈ ಹೋಗುವ ಕೆಲಸ ಇದು.

ಆಮೇಲೆ ತೊಳೆಯಬೇಕು. ಕಬ್ಬಿನ ಹಾಲು ತುಸು ಹುಳಿ, ಪಿಎಚ್ 5ರ ಆಚೀಚೆ. ನಿಂತಲ್ಲೇ ಹುದುಗಿದರೆ ಹುಳಿ ಇನ್ನೂ ಏರುತ್ತದೆ. ಅದು ಕಬ್ಬಿಣವನ್ನು ತಿನ್ನುತ್ತದೆ, ಜೊತೆಗೆ ಒಣಗಿ ಸಕ್ಕರೆಯ ಗಟ್ಟಿ ಪದರವಾಗಿ ನಟ್ಟಿನ ಸುತ್ತ ಕೂರುತ್ತದೆ. ಈ ಪದರದ ಮೇಲೆ ತುಕ್ಕು ಬಿಡಿಸುವ ಎಣ್ಣೆ ಎಷ್ಟು ಹೊಡೆದರೂ ಒಳಗೆ ಇಳಿಯುವುದಿಲ್ಲ, ಸಕ್ಕರೆ ಎಣ್ಣೆಯಲ್ಲಿ ಕರಗುವ ವಸ್ತುವಲ್ಲ. ಕುದಿಯುವ ನೀರು ಹುಯ್ದರೆ ಕರಗುತ್ತದೆ. ಒಂದೊಂದು ನಟ್ಟಿಗೂ ಎರಡು ಮೂರು ಚೊಂಬು ನಿಧಾನವಾಗಿ ಹುಯ್ದು, ತಂತಿ ಬ್ರಷ್ಷಿನಿಂದ ತಿಕ್ಕಿ, ಚೂಪು ಸೂಜಿಯಿಂದ ವಾಷರಿನ ಅಂಚು ಕೆರೆದು, ಮತ್ತೆ ಹುಯ್ಯಬೇಕು. ಕೊಪ್ಪರಿಗೆ, ಒಲೆ ಎರಡೂ ಅಲ್ಲೇ ಇರುವಾಗ ಬಿಸಿನೀರಿಗೆ ಬರವಿಲ್ಲ. ನೀರು ಒಣಗಿದ ಮೇಲಷ್ಟೇ ಎಣ್ಣೆ. ಡೀಸೆಲ್ ಆದರೂ ಆದೀತು, ಆದರೆ ತುಕ್ಕಿನ ಸಂದಿಗೆ ಇಳಿಯಲೆಂದೇ ಮಾಡಿದ ಸ್ಪ್ರೇ ಎಣ್ಣೆ ಬೇಗ ಇಳಿಯುತ್ತದೆ. ಸಂಜೆ ಹೊಡೆದು ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ಇನ್ನೊಮ್ಮೆ ಹೊಡೆದು, ನಟ್ಟಿನ ಬದಿಗೆ ಸುತ್ತಿಗೆಯಿಂದ ನಾಲ್ಕು ಕಡೆ ಹಗುರವಾಗಿ ಬಡಿದರೆ ತುಕ್ಕು ಬಿರುಕು ಬಿಟ್ಟು ಎಣ್ಣೆಗೆ ದಾರಿಯಾಗುತ್ತದೆ.

ಬೋಲ್ಟಿನ ತಲೆಯ ಮೇಲಿನ ತುಕ್ಕನ್ನು ಪೂರ್ತಿ ಉಜ್ಜಿ ತೆಗೆಯಬೇಕು. ಕೊಳೆ ಮೆತ್ತಿದ ತಲೆಯ ಮೇಲೆ ಸಾಕೆಟ್ ಅರ್ಧಕ್ಕೇ ನಿಲ್ಲುತ್ತದೆ. ಹೊರಗಿಂದ ನೋಡಿದವರಿಗೆ ಕೂತಂತೆ ಕಾಣುತ್ತದೆ, ಎಳೆದಾಗ ತಲೆಯ ಮೇಲಂಚನ್ನಷ್ಟೇ ಹಿಡಿದು ಜಾರುತ್ತದೆ.

ವರ್ನಿಯರ್ ಹಾಕಿ ಅಳೆಯಿರಿ

ಕಣ್ಣಂದಾಜು ಇಲ್ಲಿ ಮೋಸ ಮಾಡುತ್ತದೆ, ಕಾರಣ ಒಂದೇ ಥ್ರೆಡ್ಡಿಗೆ ಎರಡು ತಲೆ ಅಳತೆ ಚಾಲ್ತಿಯಲ್ಲಿವೆ. ಹಳೆಯ ಜರ್ಮನ್ ಅಳತೆಯ ಎಂ10ಕ್ಕೆ ತಲೆ 17, ಎಂ12ಕ್ಕೆ 19, ಎಂ14ಕ್ಕೆ 22. ಈಗಿನ ಐಎಸ್‌ಒ ಅಳತೆಯಲ್ಲಿ ಅವು 16, 18, 21. ಎಂ16ಕ್ಕೆ 24, ಎಂ20ಕ್ಕೆ 30 ಎರಡರಲ್ಲೂ ಒಂದೇ. ಈ ಗಾಣದಲ್ಲಿ ಸ್ಕ್ರೇಪರಿನ ಆರು ಬೋಲ್ಟುಗಳಲ್ಲಿ ನಾಲ್ಕು 19ರವು, ನಡುವೆ ಯಾವಾಗಲೋ ಬದಲಿಸಿದ ಎರಡು 18ರವು. ಪಕ್ಕಪಕ್ಕದಲ್ಲೇ ಇವೆ, ತುಕ್ಕಿನ ಬಣ್ಣದಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ.

ಅರ್ಧ ಇಂಚಿನ ಹಳೆಯ ವಿಟ್‌ವರ್ಥ್ ತಲೆ 0.920 ಇಂಚು, ಅಂದರೆ 23.37 ಮಿ.ಮೀ. ಅದಕ್ಕೆ 24 ಹಾಕಿಬಿಡುವುದು ರೂಢಿ. ಹೊಸ ತಲೆಯಾದರೆ ನಡೆದೀತು, ತುಕ್ಕು ತಿಂದ ತಲೆಗೆ ಅರ್ಧ ಮಿಲಿಮೀಟರಿಗೂ ಮೀರಿದ ಆ ಸಡಿಲವೇ ಸಾಕು ಕೆಲಸ ಕೆಡಿಸಲು. ಹಳೆಯ ಯಂತ್ರ ಇಟ್ಟುಕೊಂಡವರು ಅರ್ಧ ಇಂಚಿನ ವಿಟ್‌ವರ್ಥ್ ರಿಂಗ್ ಒಂದನ್ನು ಹಳೇ ಸಾಮಾನಿನವರಲ್ಲಿ ಹುಡುಕಿ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದು ವಿಷಯ ಹಲವರ ಗಮನಕ್ಕೆ ಬರುವುದಿಲ್ಲ. 24 ಎಂದು ಕರೆಯುವ ತಲೆ ನಿಜವಾಗಿ 24 ಇರಬೇಕೆಂದಿಲ್ಲ, 24 ಅದರ ಗರಿಷ್ಠ. ಒರಟು ದರ್ಜೆಯ ಎಂ16 ಬೋಲ್ಟಿನ ತಲೆ ಬದಿಯಿಂದ ಬದಿಗೆ 23.16 ಮಿ.ಮೀ.ವರೆಗೆ, ಮೂಲೆಯಿಂದ ಮೂಲೆಗೆ 26.17ರವರೆಗೆ ಕಡಿಮೆ ಇದ್ದರೂ ಪ್ರಮಾಣದ ಒಳಗೇ ಇರುತ್ತದೆ. ಪಕ್ಕಾ ಷಟ್ಕೋನಕ್ಕೆ ಮೂಲೆಯಿಂದ ಮೂಲೆಗೆ 27.71 ಬರಬೇಕು. ಅಂಗಡಿಯಿಂದ ತಂದ ಹೊಸ ಕಪ್ಪು ಬೋಲ್ಟೇ ಮೂಲೆಯಲ್ಲಿ ಒಂದೂವರೆ ಮಿಲಿಮೀಟರ್ ಕಡಿಮೆ ಇರಬಹುದು ಎಂದಾಯಿತು. ಇದರ ಮೇಲೆ ತುಕ್ಕಿನ ಪಾಲು ಬೇರೆ.

ಹಿಡಿತದ ಲೆಕ್ಕ

ಆರು ಪಾಯಿಂಟಿನ ಸಾಕೆಟ್ ಒಳಗೆ ಒಂದು ಷಟ್ಕೋನ. ಹನ್ನೆರಡು ಪಾಯಿಂಟಿನದು ಎರಡು ಷಟ್ಕೋನಗಳನ್ನು 30 ಡಿಗ್ರಿ ತಿರುಗಿಸಿ ಒಂದರ ಮೇಲೊಂದು ಇಟ್ಟ ಆಕಾರ. ಪೆಟ್ಟಿಗೆಯ ಮೇಲೆ ಮೊದಲನೆಯದಕ್ಕೆ ಹೆಕ್ಸ್ ಎಂದೂ ಎರಡನೆಯದಕ್ಕೆ ಬೈ ಹೆಕ್ಸ್ ಎಂದೂ ಬರೆದಿರುತ್ತಾರೆ. ಎರಡನೆಯದರಲ್ಲಿ ಎರಡು ಷಟ್ಕೋನ ಛೇದಿಸುವ ಕಡೆ ಒಳಮುಖವಾಗಿ ಹನ್ನೆರಡು ಸಣ್ಣ ಹಲ್ಲು ಉಳಿಯುತ್ತವೆ. ಬೋಲ್ಟಿನ ಮೂಲೆಯನ್ನು ಹಿಡಿದು ತಿರುಗಿಸುವುದು ಆ ಹಲ್ಲು. ಆ ಹಲ್ಲುಗಳ ತುದಿ ಮುಟ್ಟುವ ವೃತ್ತದ ವ್ಯಾಸ ಸ್ಪ್ಯಾನರ್ ಅಳತೆಯ 1.035ರಷ್ಟು. ಆರು ಪಾಯಿಂಟಿನಲ್ಲಿ ಒಳಗಿನ ಅತಿ ಚಿಕ್ಕ ವ್ಯಾಸ ಸ್ಪ್ಯಾನರ್ ಅಳತೆಯಷ್ಟೇ.

24ಕ್ಕೆ ಲೆಕ್ಕ ಹಾಕಿ ನೋಡಿ. ಹನ್ನೆರಡು ಪಾಯಿಂಟಿನ ಹಲ್ಲುಗಳ ನಡುವಿನ ವ್ಯಾಸ 24.85. ಬೋಲ್ಟಿನ ಮೂಲೆ 26.17 ಇದ್ದರೆ ಒಂದೊಂದು ಮೂಲೆಯೂ ಹಲ್ಲಿನಾಚೆ ಚಾಚುವುದು 0.66 ಮಿ.ಮೀ. ಮಾತ್ರ. ಆರು ಪಾಯಿಂಟಿನಲ್ಲಿ ಅದೇ ಬೋಲ್ಟಿಗೆ 1.08. ಈಗ ತುಕ್ಕು ಒಂದೊಂದು ಮೂಲೆಯಿಂದ 0.4 ಮಿ.ಮೀ. ತಿಂದಿದೆ ಎಂದಿಟ್ಟುಕೊಳ್ಳಿ. ಹನ್ನೆರಡು ಪಾಯಿಂಟಿಗೆ ಉಳಿಯುವುದು 0.26, ಆರು ಪಾಯಿಂಟಿಗೆ 0.68. ಕಾಲು ಮಿಲಿಮೀಟರ್ ಹಿಡಿತದ ಮೇಲೆ ಮಾರುದ್ದದ ಪೈಪು ಹಾಕಿ ಎಳೆದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಡ. ಸಾಕೆಟ್ಟಿನ ಬಾಯಿಯೇ 24ಕ್ಕಿಂತ ಒಂದೆರಡು ದಶಾಂಶ ದೊಡ್ಡದಿರುವುದರಿಂದ ನಿಜದ ಲೆಕ್ಕ ಇದಕ್ಕಿಂತಲೂ ತುಸು ಕೆಟ್ಟದ್ದು.

ಅಳತೆ ತಪ್ಪಿದಾಗ ಇದೇ ಲೆಕ್ಕ ಇನ್ನೂ ಹೆದರಿಸುತ್ತದೆ. 16ರ ತಲೆಯ ಹೊಸ ಎಂ10 ಬೋಲ್ಟಿನ ಮೂಲೆ ಕನಿಷ್ಠ 17.59 ಇದ್ದರೆ ಸಾಕೆನ್ನುತ್ತದೆ ಪ್ರಮಾಣ. 17ರ ಹನ್ನೆರಡು ಪಾಯಿಂಟ್ ರಿಂಗಿನ ಹಲ್ಲುಗಳ ನಡುವೆ 17.60. ಹಿಡಿತ ಸೊನ್ನೆ, ರಿಂಗು ಬೋಲ್ಟಿನ ಸುತ್ತ ಸುಮ್ಮನೆ ಸುತ್ತುತ್ತದೆ. ಮೂಲೆ ತುಸು ತುಂಬಿಕೊಂಡ ಬೋಲ್ಟಾದರೆ ಕಚ್ಚಿದಂತೆ ಮಾಡಿ, ಜೋರು ಹಾಕಿದ ಕ್ಷಣ ಮೂಲೆ ಕೆರೆದು ಹಾಕುತ್ತದೆ. ಎಂ12ರಲ್ಲೂ ಹಾಗೇ: 18ರ ತಲೆ 19.85ರ ಮೂಲೆಯೊಂದಿಗೆ ಬಂದರೆ, 19ರ ಹನ್ನೆರಡು ಪಾಯಿಂಟಿಗೆ ಸಿಗುವುದು 0.09 ಮಿ.ಮೀ. ಹಳೇ ಚೀಲದ 17, 19ರ ರಿಂಗನ್ನು ಹೊಸ ಬೋಲ್ಟಿಗೆ ಹಾಕುವುದು ಈ ಭಾಗದ ಪಂಪ್‌ಸೆಟ್, ಟಿಲ್ಲರ್, ಗಾಣ ಎಲ್ಲದರಲ್ಲೂ ನಡೆಯುತ್ತಿದೆ. ತಲೆ ಹೋದ ಮೇಲೆ ಬೋಲ್ಟಿನ ಗುಣಮಟ್ಟವನ್ನು ಬೈಯುತ್ತಾರೆ. ಬೋಲ್ಟು ಸರಿಯಾಗಿಯೇ ಇರುತ್ತದೆ.

ಮೂಲೆಗೆ ಬೀಳುವ ಒತ್ತಡವನ್ನು ಬದಿಗೆ ಸರಿಸುವ ಸಾಕೆಟ್ಟುಗಳೂ ಇವೆ. ಅವುಗಳಲ್ಲಿ ಒಳಮೂಲೆಗಳನ್ನು ದುಂಡಗೆ ಅಗೆದಿರುತ್ತಾರೆ. ಬೋಲ್ಟಿನ ಮೂಲೆ ಆ ಗುಂಡಿಯಲ್ಲಿ ಏನನ್ನೂ ಮುಟ್ಟದೆ ನಿಲ್ಲುತ್ತದೆ, ಒತ್ತಡ ಮೂಲೆಯಿಂದ ಸ್ವಲ್ಪ ಈಚೆಗೆ ಸಪಾಟು ಬದಿಯ ಮೇಲೆ ಬೀಳುತ್ತದೆ. ಈ ಬಗೆ ಹನ್ನೆರಡು ಪಾಯಿಂಟಿನಲ್ಲೂ ಸಿಗುತ್ತದೆ, ಸಾಮಾನ್ಯ ಹನ್ನೆರಡಕ್ಕಿಂತ ನಿಜಕ್ಕೂ ವಾಸಿ. ಆದರೂ ಇದೇ ರೀತಿ ಅಗೆದ ಆರು ಪಾಯಿಂಟಿನ ಮುಂದೆ ತುಕ್ಕಿನ ಕೆಲಸಕ್ಕೆ ಅದು ಎರಡನೆಯದೇ.

ಬಿಚ್ಚುವ ಸರದಿ

ಟ್ರೇ ಮತ್ತು ಗಾರ್ಡಿನ ಎಂ10 ಬೋಲ್ಟುಗಳಿಂದ ಶುರು ಮಾಡಿ. ಅವುಗಳಿಗೆ ಆರು ಪಾಯಿಂಟಿನ ಸಾಕೆಟ್ಟು, ಮೂರು ಎಂಟಾಂಶ ಇಂಚಿನ ರಾಚೆಟ್ಟು ಸಾಕು. ರಾಚೆಟ್ಟಿನಲ್ಲಿ ಹಿಡಿ ತಿರುಗಿಸುವ ಜಾಗವನ್ನು ಅದರೊಳಗಿನ ಹಲ್ಲುಚಕ್ರವೇ ನೋಡಿಕೊಳ್ಳುವುದರಿಂದ ಹನ್ನೆರಡು ಪಾಯಿಂಟಿನ ಲಾಭ ಅಲ್ಲಿ ಉಳಿಯುವುದಿಲ್ಲ. ರಾಚೆಟ್ಟಿಗೆ ಹಾಕುವ ಸಾಕೆಟ್ಟುಗಳನ್ನು ಆರು ಪಾಯಿಂಟಿನಲ್ಲೇ ಕೊಳ್ಳಬೇಕು ಎನ್ನುವುದಕ್ಕೆ ಇದಕ್ಕಿಂತ ಕಾರಣ ಬೇಕಿಲ್ಲ. ತಲೆಗೆ ಕೂರಿಸುವಾಗ ಮೂಲೆ ಹುಡುಕಲು ಸ್ವಲ್ಪ ಹೆಚ್ಚು ತಿರುಗಿಸಬೇಕಾಗುತ್ತದೆ, ಅಷ್ಟೇ ತೊಂದರೆ.

ಸ್ಕ್ರೇಪರಿನ ಎಂ12ಕ್ಕೆ ಅರ್ಧ ಇಂಚಿನ ಡ್ರೈವು (ಸಾಕೆಟ್ಟಿಗೆ ತೂರುವ ಚೌಕದ ಅಳತೆ). ರಾಚೆಟ್ಟಿನಿಂದ ಮೊದಲ ಎಳೆತ ಎಳೆಯಬೇಡಿ, ಒಳಗಿನ ಹಲ್ಲು ಮುರಿಯುತ್ತದೆ. ಬ್ರೇಕರ್ ಬಾರಿನಿಂದ (ಹಲ್ಲುಚಕ್ರವಿಲ್ಲದ ಉದ್ದ ಹಿಡಿ) ಸಡಿಲಿಸಿ, ಆಮೇಲೆ ರಾಚೆಟ್ಟು. ಸ್ಕ್ರೇಪರ್ ಬೋಲ್ಟುಗಳ ತಲೆ ಹಾಲಿನ ದಾರಿಯಲ್ಲೇ ಇರುವುದರಿಂದ ಎಲ್ಲಕ್ಕಿಂತ ಹೆಚ್ಚು ತಿಂದುಹೋಗಿರುವುದು ಅವೇ. ವರ್ನಿಯರಿನಲ್ಲಿ ಎರಡು ತಲೆ 18.3 ತೋರಿಸಿದವು, ಮೊದಲು 19 ಇದ್ದವು. ಅಂಥವಕ್ಕೆ 18ರ ಆರು ಪಾಯಿಂಟ್ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸುವುದೇ ಸರಿ. 19ರಲ್ಲಿ ಒಮ್ಮೆ ನೋಡೋಣ ಎಂದು ಎಳೆದರೆ ಉಳಿದ ಮೂಲೆಯೂ ಹೋಗುತ್ತದೆ.

ಎಳೆಯುವ ರೀತಿಯೂ ಮುಖ್ಯ. ಉದ್ದ ಎಕ್ಸ್‌ಟೆನ್ಷನ್ ಹಾಕಿದಾಗ ಸಾಕೆಟ್ಟು ವಾಲುತ್ತದೆ, ವಾಲಿದ ಸಾಕೆಟ್ಟು ಎರಡೇ ಮೂಲೆಯನ್ನು ಹಿಡಿಯುತ್ತದೆ. ಒಂದು ಕೈಯನ್ನು ಡ್ರೈವಿನ ತಲೆಯ ಮೇಲಿಟ್ಟು ಬೋಲ್ಟಿನ ನೇರಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ನಿಮ್ಮ ಕಡೆಗೆ ಎಳೆಯಿರಿ. ತಳ್ಳಬೇಡಿ, ಜಾರಿದರೆ ಗೇರಿನ ಹಲ್ಲಿಗೆ ಬಡಿಯುವುದು ಮುಷ್ಟಿಯ ಗೆಣ್ಣು. ಬಿಗಿಯುವ ದಿಕ್ಕಿಗೆ ಒಂದಿಷ್ಟು ಒತ್ತಿ, ಆಮೇಲೆ ಬಿಚ್ಚುವ ದಿಕ್ಕಿಗೆ ಎಳೆದರೆ ತುಕ್ಕಿನ ಬಂಧ ಬೇಗ ಬಿಡುತ್ತದೆ. ಬಿಟ್ಟ ಮೇಲೂ ಒಂದೇ ಸಮ ಬಿಚ್ಚುತ್ತ ಹೋಗಬೇಡಿ: ಕಾಲು ಸುತ್ತು ಬಿಚ್ಚಿ, ಅರ್ಧದಷ್ಟು ಹಿಂದಕ್ಕೆ ತಿರುಗಿಸಿ, ಎಣ್ಣೆ ಬಿಟ್ಟು, ಮತ್ತೆ ಬಿಚ್ಚಿ. ಥ್ರೆಡ್ಡಿನಲ್ಲಿ ತುಕ್ಕಿನ ಪುಡಿ ತುಂಬಿಕೊಂಡು ಅರ್ಧದಾರಿಯಲ್ಲಿ ಮತ್ತೆ ಕಚ್ಚಿಕೊಂಡು ತುಂಡಾಗುವುದು ಹೀಗೆ ತಪ್ಪುತ್ತದೆ.

ಕ್ಯಾಪಿನ 30ರ ನಟ್ಟುಗಳಿಗೆ ಮುಕ್ಕಾಲು ಇಂಚಿನ ಡ್ರೈವೇ ಬೇಕು. 600 ಮಿ.ಮೀ. ಬಾರಿಗೆ 40 ಕೆ.ಜಿ. ಎಳೆದರೆ ತಿರುಚುವ ಬಲ (ಟಾರ್ಕ್) 235 ನ್ಯೂಟನ್ ಮೀಟರ್ ಆಸುಪಾಸು, ಅರ್ಧ ಇಂಚಿನ ಡ್ರೈವು ಇದನ್ನು ತಾಳುತ್ತದೆ. ಅದಕ್ಕೇ 1.2 ಮೀಟರ್ ಪೈಪು ತೂರಿಸಿ ಒಬ್ಬರು ಮೈಭಾರ ಹಾಕಿ 60 ಕೆ.ಜಿ. ಎಳೆದರೆ 700 ದಾಟುತ್ತದೆ. ಆಗ ಸಾಕೆಟ್ಟು ಸೀಳುತ್ತದೆ ಅಥವಾ ಡ್ರೈವಿನ ಚೌಕ ತಿರುಚಿಕೊಳ್ಳುತ್ತದೆ. ಎಳೆಯುತ್ತಿದ್ದವರು ಬೀಳುವುದು ರೋಲರಿನ ಮೇಲೆ. ಇಂಪ್ಯಾಕ್ಟ್ ಗನ್ ಇದ್ದರೆ ಕಪ್ಪು ಬಣ್ಣದ, ದಪ್ಪ ಗೋಡೆಯ ಇಂಪ್ಯಾಕ್ಟ್ ಸಾಕೆಟ್ಟನ್ನೇ ಹಾಕಿ. ಅವು ಹೆಚ್ಚಾಗಿ ಆರು ಪಾಯಿಂಟಿನಲ್ಲೇ ಬರುತ್ತವೆ, ಕ್ರೋಮ್ ಮಾಲಿಬ್ಡಿನಂ ಉಕ್ಕಿನವು. ಹೊಳೆಯುವ ಕ್ರೋಮ್ ಲೇಪದ ಕೈ ಸಾಕೆಟ್ಟನ್ನು ಗನ್ನಿಗೆ ಹಾಕಿದರೆ ಬಿರುಕು ಬಿಟ್ಟು ಚೂರು ಸಿಡಿಯುತ್ತದೆ, ಕಣ್ಣಿಗೆ ಅಪಾಯ.

ಹನ್ನೆರಡು ಪಾಯಿಂಟಿನ ಜಾಗ

ಬಾಡಿಯ ಎಂಟು ಎಂ16 ಬೋಲ್ಟುಗಳಲ್ಲಿ ಎರಡು ದೊಡ್ಡ ಗೇರಿನ ಹಿಂದೆ ಇವೆ. ಅಲ್ಲಿ ಸಾಕೆಟ್ಟು ಮತ್ತು ಬಾರ್ ಒಟ್ಟಿಗೆ ಹಿಡಿಸುವುದಿಲ್ಲ, ರಿಂಗ್ ಸ್ಪ್ಯಾನರಿನ ತಲೆ ಮಾತ್ರ ಹೋಗುತ್ತದೆ. ಹಿಡಿ ಆಡಲು ಗೇರಿನ ಅಂಚಿಗೂ ಚಾನೆಲ್ಲಿಗೂ ನಡುವೆ ಸಿಗುವುದು ಸುಮಾರು 45 ಡಿಗ್ರಿ.

ಆರು ಪಾಯಿಂಟಿನ ರಿಂಗು 60 ಡಿಗ್ರಿಗೊಮ್ಮೆ ಮಾತ್ರ ಕೂರುತ್ತದೆ. ಬೋಲ್ಟಿನ ತಲೆ ನಿಂತಿರುವ ದಿಕ್ಕು ಅನುಕೂಲವಾಗಿದ್ದರೆ ಒಂದು ಎಳೆತ ಸಿಗುತ್ತದೆ, ಎರಡನೆಯ ಸಲ ಕೂರಿಸಲು 60 ಡಿಗ್ರಿ ಹಿಂದೆ ಹೋಗಬೇಕು, ಜಾಗ 45ಕ್ಕೇ ಮುಗಿದಿರುತ್ತದೆ. ದಿಕ್ಕು ಅನುಕೂಲವಾಗಿಲ್ಲದಿದ್ದರೆ ಒಂದು ಎಳೆತವೂ ಇಲ್ಲ. ಹನ್ನೆರಡು ಪಾಯಿಂಟಿನದು 30 ಡಿಗ್ರಿಗೊಮ್ಮೆ ಕೂರುತ್ತದೆ. 45ರ ಜಾಗದಲ್ಲಿ ಎಲ್ಲಿಂದ ಶುರುವಾದರೂ ಕನಿಷ್ಠ 15 ಡಿಗ್ರಿ ಎಳೆತ ಸಿಕ್ಕೇ ಸಿಗುತ್ತದೆ, ಆಮೇಲೆ ಒಂದೊಂದು ಸಲಕ್ಕೂ 30 ಡಿಗ್ರಿಯಂತೆ ಬಿಚ್ಚುತ್ತ ಹೋಗಬಹುದು. ಹನ್ನೆರಡು ಎಳೆತಕ್ಕೆ ಒಂದು ಸುತ್ತು. ನಿಧಾನ, ಆದರೆ ಆಗುತ್ತದೆ.

ಹಾಗಾಗಿ ಅಲ್ಲಿ ಹೀಗೆ ಮಾಡಿದ್ದು: ತಲೆಯ ದಿಕ್ಕು ಒದಗಿದ ಬೋಲ್ಟಿಗೆ ಆರು ಪಾಯಿಂಟ್ ರಿಂಗಿನಿಂದ ಮೊದಲ ಎಳೆತ, ಬಂಧ ಬಿಟ್ಟ ಮೇಲೆ ಹನ್ನೆರಡಕ್ಕೆ ಬದಲು. ದಿಕ್ಕು ಒದಗದ ಬೋಲ್ಟಿಗೆ ನಟ್ಟಿನ ಕಡೆಯಿಂದ ಕೆಲಸ. ಚಾನೆಲ್ಲಿನ ಅಡಿಯಲ್ಲಿ ಮಲಗಿ ನಟ್ಟಿಗೆ ಆರು ಪಾಯಿಂಟ್ ಸಾಕೆಟ್ಟು ಕೊಟ್ಟು, ಮೇಲೆ ತಲೆ ತಿರುಗದಂತೆ ಹನ್ನೆರಡರ ರಿಂಗನ್ನು ಗೇರಿನ ಬದಿಗೆ ಆನಿಸಿ ನಿಲ್ಲಿಸಿದರೆ ಆಯಿತು. ಬೋಲ್ಟು ಯಾವ ತುದಿಯಲ್ಲಿ ಬಿಚ್ಚಿದರೂ ಬೋಲ್ಟೇ. ತಲೆ ಕಡೆ ಜಾಗವಿಲ್ಲದಿದ್ದರೆ ನಟ್ಟಿನ ಕಡೆ ನೋಡುವುದನ್ನು ಅವಸರದಲ್ಲಿ ಮರೆಯುತ್ತಾರೆ.

ರಿಂಗು ಹೋಗದಷ್ಟು ಇಕ್ಕಟ್ಟಿದ್ದರೆ ಬಾಯಿ ತೆರೆದ ಫಿಕ್ಸ್ ಸ್ಪ್ಯಾನರ್ ಉಂಟು. ಅದರ ಬಾಯಿ 15 ಡಿಗ್ರಿ ಓರೆಯಾಗಿರುವುದರಿಂದ ಪ್ರತಿ ಎಳೆತಕ್ಕೂ ಮಗುಚಿ ಹಾಕಿದರೆ 30 ಡಿಗ್ರಿ ಜಾಗದಲ್ಲಿ ತಿರುಗಿಸಬಹುದು. ಎರಡೇ ಬದಿ ಹಿಡಿಯುತ್ತದೆ, ಬಾಯಿ ಅಗಲವಾಗುತ್ತದೆ. ಸಡಿಲಾದ ಬೋಲ್ಟನ್ನು ಬಿಚ್ಚಲು ಸಾಕು, ಕಚ್ಚಿಕೊಂಡದ್ದಕ್ಕೆ ಅಲ್ಲ.

ಚೌಕ ತಲೆಯ ಸ್ಕ್ರೂಗಳ ವಿಷಯ ಬೇರೆ. ಚೌಕದ ಮೂಲೆಗಳು 90 ಡಿಗ್ರಿಗೊಂದು ಇರುವುದರಿಂದ ಹನ್ನೆರಡು ಪಾಯಿಂಟಿನ ಖಾಲಿ ಮೂಲೆಗಳಿಗೆ ಅವು ಸಿಕ್ಕುತ್ತವೆ, ಆರು ಪಾಯಿಂಟಿಗೆ ಸಿಕ್ಕುವುದಿಲ್ಲ. 22ರ ಚೌಕಕ್ಕೆ 27ರ ಹನ್ನೆರಡು ಪಾಯಿಂಟ್ ಕೂರುತ್ತದೆ. ಕೂತರೂ 90 ಡಿಗ್ರಿಯ ಮೂಲೆ 120 ಡಿಗ್ರಿಯ ಗುಳಿಯಲ್ಲಿ ಗೆರೆಯಷ್ಟೇ ಮುಟ್ಟುತ್ತದೆ. ಹಗುರಾಗಿ ತಿರುಗುವ ಸ್ಕ್ರೂವಿಗೆ ಸರಿ. ಬಿಗಿ ಇದ್ದರೆ ನಾಲ್ಕೂ ಬದಿ ಹಿಡಿಯುವ ಎಂಟು ಪಾಯಿಂಟಿನ ಸಾಕೆಟ್ಟು ಅಥವಾ 22ರ ಒಳ್ಳೆಯ ಫಿಕ್ಸ್ ಸ್ಪ್ಯಾನರ್. ಇಲ್ಲಿ 22ರ ಫಿಕ್ಸ್ ಸ್ಪ್ಯಾನರಿನಲ್ಲೇ ಕೆಲಸ ಆಯಿತು.

ಗಾಣದಲ್ಲಿ ಇಲ್ಲದಿದ್ದರೂ ಹೇಳಬೇಕಾದ್ದು: ಕೆಲವು ಇಂಜಿನ್‌ಗಳ ಕನೆಕ್ಟಿಂಗ್ ರಾಡ್ ಬೋಲ್ಟು, ಹೆಡ್ ಬೋಲ್ಟುಗಳ ತಲೆಯೇ ಹನ್ನೆರಡು ಮೂಲೆಯದು. ಅವಕ್ಕೆ ಹನ್ನೆರಡು ಪಾಯಿಂಟೇ ಬೇಕು, ಬೇರೆ ದಾರಿ ಇಲ್ಲ.

ತಲೆ ಗುಂಡಗಾದವು

ಹಿಂದಿನ ರಿಪೇರಿಯಲ್ಲೇ ಗುಂಡಗಾಗಿದ್ದ ಒಂದು ಬಾಡಿ ಬೋಲ್ಟು, ಒಂದು ಸ್ಕ್ರೇಪರ್ ಬೋಲ್ಟು ಸಿಕ್ಕವು. ಕ್ರಮ ಹೀಗಿರಲಿ. ಮೊದಲು ಒಂದು ಅಳತೆ ಚಿಕ್ಕ ಆರು ಪಾಯಿಂಟ್. ಮಿಲಿಮೀಟರಿನಲ್ಲಿ ನಡುವಿನದು ಸಿಗದಿದ್ದರೆ ಇಂಚಿನ ಸಾಕೆಟ್ಟು ನೋಡಿ: 15/16 ಅಂದರೆ 23.8, 7/8 ಅಂದರೆ 22.2 ಮಿ.ಮೀ. ತಲೆಯ ಅಂಚನ್ನು ಅರದಿಂದ ತುಸು ಸಪಾಟು ಮಾಡಿ ಬಡಿದು ಕೂರಿಸಬೇಕು.

ತಲೆ ಪೂರ್ತಿ ದುಂಡಗಾಗಿದ್ದರೆ ಚಿಕ್ಕ ಅಳತೆಯ ಹನ್ನೆರಡು ಪಾಯಿಂಟನ್ನು ಬಡಿಯುವ ಉಪಾಯ ಒಂದಿದೆ. ಹನ್ನೆರಡು ಹಲ್ಲೂ ದುಂಡು ತಲೆಯನ್ನು ಕಚ್ಚಿಕೊಂಡು ಹೋಗುತ್ತವೆ, ಕೆಲವೊಮ್ಮೆ ಕೆಲಸವೂ ಆಗುತ್ತದೆ. ಸಾಕೆಟ್ಟು ಸೀಳುವ ಸಾಧ್ಯತೆ ಮಾತ್ರ ಇದ್ದೇ ಇದೆ. ಸೆಟ್ಟಿನಲ್ಲಿರುವ ಒಳ್ಳೆಯದನ್ನು ಇದಕ್ಕೆ ಬಲಿ ಕೊಡಬೇಡಿ, ಬಿಡಿಯಾಗಿ ಸಿಗುವ ಹಳೆಯದೊಂದನ್ನು ಇಟ್ಟುಕೊಳ್ಳಿ, ಕನ್ನಡಕ ಹಾಕಿಕೊಂಡು ಬಡಿಯಿರಿ.

ಅದೂ ಆಗದಿದ್ದರೆ ಬೆಂಕಿ. ನಟ್ಟನ್ನು ಗ್ಯಾಸ್ ಟಾರ್ಚಿನಿಂದ ಬೇಗ ಕಾಯಿಸಬೇಕು, ಬೋಲ್ಟನ್ನಲ್ಲ. ನಟ್ಟು ಬೋಲ್ಟಿಗಿಂತ 300 ಡಿಗ್ರಿ ಹೆಚ್ಚು ಕಾದರೆ ಎಂ16ರ ರಂಧ್ರ ಸುಮಾರು 0.06 ಮಿ.ಮೀ. ಹಿಗ್ಗುತ್ತದೆ. ಕಡಿಮೆ ಅನ್ನಿಸಬಹುದು, ತುಕ್ಕಿನ ಪದರ ಒಡೆಯಲು ಅಷ್ಟು ಸಾಕು. ನಿಧಾನವಾಗಿ ಕಾಯಿಸಿದರೆ ಬೋಲ್ಟೂ ಜೊತೆಗೇ ಹಿಗ್ಗಿ ಲಾಭವಿಲ್ಲ. ಆಲೆಮನೆಯಲ್ಲಿ ಟಾರ್ಚ್ ಹಚ್ಚುವುದೆಂದರೆ ಸುತ್ತಲಿನ ಒಣ ರಚ್ಚಿನ ನೆನಪಿರಲಿ. ಹತ್ತಡಿ ಸುತ್ತ ಗುಡಿಸಿ, ನೆಲಕ್ಕೆ ನೀರು ಚಿಮುಕಿಸಿ, ತುಂಬಿದ ಬಕೆಟ್ ಎರಡು ಪಕ್ಕದಲ್ಲಿಟ್ಟು, ಸಿಂಪಡಿಸಿದ ಎಣ್ಣೆ ಒರೆಸಿ ತೆಗೆದ ಮೇಲೆ ಹಚ್ಚಿ. ಕೆಲಸ ಮುಗಿದ ಅರ್ಧ ಗಂಟೆ ಯಾರಾದರೂ ಅಲ್ಲೇ ಇರಬೇಕು, ರಚ್ಚಿನೊಳಗೆ ಕಿಡಿ ಕಾಣದಂತೆ ಉರಿಯುತ್ತಿರುತ್ತದೆ.

ಕೊನೆಯ ದಾರಿ ದುಂಡು ತಲೆಯ ಮೇಲೆ ದೊಡ್ಡ ನಟ್ಟು ಇಟ್ಟು ಒಳಗಿನಿಂದ ವೆಲ್ಡ್ ಮಾಡುವುದು. ವೆಲ್ಡಿನ ಬಿಸಿ ಮತ್ತು ಹೊಸ ಮೂಲೆ ಎರಡೂ ಒಟ್ಟಿಗೆ ಸಿಗುತ್ತವೆ. ಅರ್ತ್ ಕ್ಲ್ಯಾಂಪನ್ನು ಆ ಬೋಲ್ಟಿನ ಹತ್ತಿರವೇ ಹಾಕಿ. ದೂರ ಹಾಕಿದರೆ ಕರೆಂಟು ಬುಷ್, ಬೇರಿಂಗ್ ಮೂಲಕ ಹರಿದು ಅವುಗಳ ಮೈ ಸುಡುತ್ತದೆ. ನಟ್ಟಿನ ಕಡೆಯಾದರೆ ಚಾಣ ಇಟ್ಟು ಸೀಳಿಬಿಡುವುದೇ ಬೇಗ, ಬೋಲ್ಟು ಹೇಗೂ ಹೊಸದು ಹಾಕುವುದು.

ಹೊಸ ಬೋಲ್ಟು, ಬಿಗಿ

ಒಂದೇ ಯಂತ್ರದಲ್ಲಿ 16, 17, 18, 19 ಎಲ್ಲ ಬೆರೆತಿರುವುದೇ ಮುಂದಿನ ರಿಪೇರಿಯವರಿಗೆ ತೊಂದರೆ. ಎಂ10, ಎಂ12 ಎಲ್ಲವನ್ನೂ ಒಂದೇ ಸಲ ಬದಲಿಸಿ, ಒಂದೇ ತಲೆ ಅಳತೆಗೆ ತನ್ನಿ. ಈಗ ಹೊಸದಾಗಿ ಕೊಳ್ಳುವವರಿಗೆ 16, 18ರದ್ದೇ ಸರಿ. ಅಂಗಡಿಯಲ್ಲೇ ವರ್ನಿಯರ್ ಹಾಕಿ ತೆಗೆದುಕೊಳ್ಳಿ. ವಿಟ್‌ವರ್ಥ್ ಬ್ರಾಕೆಟ್ಟಿನ ರಂಧ್ರ ಆಚೆಯವರೆಗೂ ಇದ್ದುದರಿಂದ ಅಲ್ಲಿಗೂ ಎಂ12 ನಟ್ಟು ಬೋಲ್ಟು ಬಂತು.

ತಲೆಯ ಮೇಲೆ 8.8 (ಬೋಲ್ಟಿನ ಬಲದ ದರ್ಜೆ) ಅಚ್ಚೊತ್ತಿದ್ದನ್ನು ಆರಿಸಿ. ಬಿಗಿಯುವ ಟಾರ್ಕ್ ಒಣ ಥ್ರೆಡ್ಡಿಗೆ ಎಂ10 ಸುಮಾರು 50, ಎಂ12 ಸುಮಾರು 88, ಎಂ16 ಸುಮಾರು 210 ನ್ಯೂಟನ್ ಮೀಟರ್. ಎಣ್ಣೆ, ಗ್ರೀಸ್ ಹಚ್ಚಿದರೆ ಕಾಲು ಭಾಗ ಕಡಿಮೆ ಮಾಡಿ, ಇಲ್ಲದಿದ್ದರೆ ಅದೇ ತಿರುಚಿಗೆ ಬೋಲ್ಟು ಹೆಚ್ಚು ಎಳೆಯಲ್ಪಡುತ್ತದೆ. ಕ್ಯಾಪಿನ ಎಂ20 ಹಳೆಯ ಸ್ಟಡ್ಡುಗಳು ಮೃದು ಉಕ್ಕಿನವು, 4.6 ಎಂದೇ ಲೆಕ್ಕ ಹಿಡಿದು ಒಣ ಥ್ರೆಡ್ಡಿಗೆ 165ರ ಆಚೆ ಹೋಗಲಿಲ್ಲ. ಟಾರ್ಕ್ ರೆಂಚ್ ಇಲ್ಲದ ಕಡೆ ಮೀನು ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ಬಾರಿಗೆ ಕಟ್ಟಿ ಎಳೆಯಬಹುದು: ಬೋಲ್ಟಿನ ನಡುವಿನಿಂದ ಒಂದು ಮೀಟರ್ ದೂರದಲ್ಲಿ, ಬಾರಿಗೆ ಲಂಬವಾಗಿ 20 ಕೆ.ಜಿ. ಎಳೆದರೆ 196 ನ್ಯೂಟನ್ ಮೀಟರ್.

ಹೊಸ, ಚೊಕ್ಕ ತಲೆಯನ್ನು ಇಷ್ಟು ಬಿಗಿಗೆ ಬಿಗಿಯಲು ಹನ್ನೆರಡು ಪಾಯಿಂಟ್ ರಿಂಗು ಯಾವ ತೊಂದರೆಯನ್ನೂ ಕೊಡುವುದಿಲ್ಲ, ಅಳತೆ ಸರಿ ಇದ್ದರೆ. ಅದನ್ನು ದೂರ ಇಡಬೇಕಾದ್ದು ತುಕ್ಕಿನಿಂದ, ತಪ್ಪು ಅಳತೆಯಿಂದ, ಪೈಪಿನಿಂದ.

ಕೊಳ್ಳುವಾಗ

ಮಂಡ್ಯ, ಮೈಸೂರಿನ ಟೂಲ್ಸ್ ಅಂಗಡಿಗಳಲ್ಲಿ ಎರಡೂ ಬಗೆ ಸಿಗುತ್ತವೆ, ಕೇಳದಿದ್ದರೆ ಕೈಗೆ ಬರುವುದು ಬೈ ಹೆಕ್ಸ್. ಹೆಕ್ಸ್ ಎಂದು ಬಾಯಿಬಿಟ್ಟು ಕೇಳಿ, ಒಳಗೆ ನೋಡಿ ಎಣಿಸಿ. ಆಲೆಮನೆಗೆ, ಟ್ರಾಕ್ಟರಿಗೆ ದೊಡ್ಡ ಸೆಟ್ಟಿಗಿಂತ ಬಿಡಿಯಾಗಿ ಅರ್ಧ ಇಂಚಿನ ಡ್ರೈವಿನಲ್ಲಿ 16, 17, 18, 19, 21, 22, 24, ಮುಕ್ಕಾಲು ಇಂಚಿನಲ್ಲಿ 30, 32, 36 ಆರು ಪಾಯಿಂಟಿನವು ಸಾಕು. ರಿಂಗ್ ಸ್ಪ್ಯಾನರ್ ಹನ್ನೆರಡರದೇ ಇರಲಿ, 24ರದ್ದೊಂದು ಆರು ಪಾಯಿಂಟಿನಲ್ಲೂ ಇರಲಿ.

ಸಾಕೆಟ್ಟಿನ ಬಾಯಿಯನ್ನು ತಪ್ಪದೆ ನೋಡಿ. ಕಡಿಮೆ ಬೆಲೆಯವುಗಳಲ್ಲಿ ತಲೆ ಸುಲಭವಾಗಿ ಒಳಗೆ ಜಾರಲೆಂದು ಬಾಯಂಚನ್ನು ಎರಡು ಮಿಲಿಮೀಟರಿನಷ್ಟು ಒಳಗೆ ಓರೆಯಾಗಿ ಕಡೆದಿರುತ್ತಾರೆ. ಎಂ16 ಬೋಲ್ಟಿನ ತಲೆ 10 ಮಿ.ಮೀ. ಎತ್ತರ, ಎರಡು ಹೋದರೆ ಐದರಲ್ಲಿ ಒಂದು ಪಾಲು ಹಿಡಿತ ಹೋಯಿತು. ತೆಳು ಲಾಕ್ ನಟ್ಟು 8 ಮಿ.ಮೀ. ಇರುವಲ್ಲಿ ಕಾಲು ಭಾಗವೇ ಹೋಗುತ್ತದೆ. ಆರು ಪಾಯಿಂಟ್ ಆದರೂ ಇಂಥ ಬಾಯಿ ಜಾರುತ್ತದೆ. ಇಂಥದ್ದು ಮನೆಯಲ್ಲಿದ್ದರೆ ಗ್ರೈಂಡಿಂಗ್ ಕಲ್ಲಿನ ಮೇಲೆ ಬಾಯಿಯನ್ನು ಸಪಾಟಾಗಿ ಉಜ್ಜಿ ಓರೆಯನ್ನು ತೆಗೆಯಬಹುದು. ನೀರಿನಲ್ಲಿ ಆಗಾಗ ಅದ್ದಿ ತಣಿಸುತ್ತಿರಿ, ಅಂಚು ನೀಲಿಗೆ ತಿರುಗಿದರೆ ಉಕ್ಕು ಮೆತ್ತಗಾಗಿದೆ ಎಂದು ಅರ್ಥ.

ಓಡಿಸುವ ಮೊದಲು

ಕ್ಯಾಪಿನ ನಟ್ಟುಗಳನ್ನು ಒಂದು ಬದಿ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಬೇಡಿ, ಎರಡನ್ನೂ ಸ್ವಲ್ಪಸ್ವಲ್ಪವೇ ಸರದಿಯಲ್ಲಿ ಬಿಗಿಯಿರಿ, ಪ್ರತಿ ಸಲ ರೋಲರನ್ನು ಕೈಯಿಂದ ತಿರುಗಿಸಿ ನೋಡಿ. ಬಿಗಿಯಾದರೆ ಬುಷ್ ಕೂತಿಲ್ಲ. ಸಂದನ್ನು ರೋಲರಿನ ಎರಡೂ ತುದಿಯಲ್ಲಿ ಫೀಲರ್ ಗೇಜ್ ಹಾಕಿ ಸಮ ಮಾಡಿ. ಜಲ್ಲೆ ಒಳಹೋಗುವ ಕಡೆ ಸಂದು ಹೆಚ್ಚು, ರಚ್ಚು ಹೊರಬರುವ ಕಡೆ ಕಡಿಮೆ ಇರಬೇಕು.

ತುಕ್ಕಿನ ಎಣ್ಣೆ ಬೆಲ್ಲಕ್ಕೆ ಹೋಗಬಾರದು. ರೋಲರ್, ಟ್ರೇ, ಸ್ಕ್ರೇಪರುಗಳನ್ನು ಬಿಸಿನೀರು ಸೋಪಿನಿಂದ ಉಜ್ಜಿ, ಎರಡು ಸಲ ಬರೀ ಬಿಸಿನೀರಿನಿಂದ ತೊಳೆಯಿರಿ. ಮೊದಲು ಒಂದು ಹೊರೆ ಜಲ್ಲೆ ಅರೆದು, ಆ ಹಾಲನ್ನು ಕೊಪ್ಪರಿಗೆಗೆ ಬಿಡದೆ ಚೆಲ್ಲಿ. ಬುಷ್ಷಿಗೆ ಕೊಡುವ ಗ್ರೀಸ್ ಟ್ರೇ ಕಡೆಗೆ ಹೊರಡದಂತೆ ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ.

ಬಿಗಿದ ಪ್ರತಿ ನಟ್ಟಿನಿಂದ ಬಾಡಿಗೆ ಅಡ್ಡಲಾಗಿ ಪೇಂಟಿನ ಒಂದು ಗೆರೆ ಎಳೆದಿಡಿ. ಹೊಸ ಬುಷ್, ಹೊಸ ವಾಷರು ಮೊದಲ ದಿನದ ಅರೆಯುವಿಕೆಯಲ್ಲಿ ತುಸು ಅಮರಿಕೊಳ್ಳುತ್ತವೆ, ಬಿಗಿ ಇಳಿಯುತ್ತದೆ. ಅಂದು ಸಂಜೆ ಫ್ಯೂಸ್ ಕಿತ್ತು, ಎಲ್ಲವನ್ನೂ ಅದೇ ಅಳತೆಗೆ ಮತ್ತೊಮ್ಮೆ ಬಿಗಿದು ಗೆರೆ ಹೊಸದಾಗಿ ಎಳೆಯಿರಿ. ಆಮೇಲೆ ಗೆರೆ ತಪ್ಪಿದ ನಟ್ಟು ಕಂಡರೆ ಅದನ್ನು ಬಿಗಿದು ಸುಮ್ಮನಾಗಬೇಡಿ, ಬಿಚ್ಚಿ ಥ್ರೆಡ್ಡು, ವಾಷರು ಎರಡನ್ನೂ ನೋಡಿ.